ಏರುನಡಿಗೆಯ ಗತಿ ಮತ್ತು ವಿಶ್ರಾಂತಿ

ಗುಂಪಾಗಿ ಬೆಟ್ಟ ಹತ್ತುವಾಗ ಯಾರೂ ಬಸವಳಿಯದಂತೆ, ಯಾರೂ ಹಿಂದೆ ಒಂಟಿಯಾಗಿ ಉಳಿಯದಂತೆ ಹೆಜ್ಜೆ, ಉಸಿರು, ನಿಲುಗಡೆಗಳನ್ನು ಹೊಂದಿಸಿಕೊಳ್ಳುವ ಕ್ರಮ. ಚಾರಣದಲ್ಲಿ ಗುಂಪಿನ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ. ಉಳಿದ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಹೊತ್ತಿನ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 3 ಮೈಲಿ ದಾರಿಗೆ ಒಂದು ಗಂಟೆ, ಏರಿದ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸುಮಾರು 13 ಕಿ.ಮೀ. ದಾರಿ, ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿದ ಏರು. ಸೂತ್ರದಂತೆ ಐದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಸುಧಾರಿಸಿಕೊಳ್ಳುವ ಹೊತ್ತು, ಬೆನ್ನಿನ ಹೊರೆ, ಬಿಸಿಲು ಈ ಲೆಕ್ಕಕ್ಕೆ ಸೇರಿಲ್ಲ. ಈ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ದಾರಿ ಬಹುಪಾಲು ಬಯಲು ಹುಲ್ಲುಗಾವಲು, ನೆರಳು ಅಪರೂಪ. ಬೆಳಗಿನ ತಂಪಿನಲ್ಲೇ ಆ ಏರನ್ನು ಮುಗಿಸಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ.

ಹೊಸಬರು ಎಡವುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ. ಹುರುಪಿನಲ್ಲಿ ಬೀಸುಗಾಲು ಹಾಕುತ್ತಾರೆ. ಸ್ನಾಯುಗಳು ಬೇಡುವಷ್ಟು ಆಮ್ಲಜನಕವನ್ನು ಹೃದಯ, ಶ್ವಾಸಕೋಶಗಳು ಒದಗಿಸುವ ಹದಕ್ಕೆ ಬರಲು ಕೆಲವು ನಿಮಿಷ ಬೇಕು. ಅಷ್ಟರೊಳಗೆ ಓಡಿದರೆ ಏದುಸಿರು ಹತ್ತಿ, ಕಾಲು ಭಾರವಾಗುತ್ತದೆ. ಗತಿ ಸರಿಯಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ನಡೆಯುತ್ತಲೇ ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಆಡಲು ಬಂದರೆ ಸರಿ, ಮಾತು ನಡುವೆ ತುಂಡಾದರೆ ಹೆಜ್ಜೆ ತಗ್ಗಿಸಬೇಕು.

ಕಡಿದಾದ ಏರಿನಲ್ಲಿ ‘ವಿಶ್ರಾಂತಿ ಹೆಜ್ಜೆ’ ನೆರವಾಗುತ್ತದೆ. ಒಂದು ಕಾಲನ್ನು ಮುಂದಿಟ್ಟು, ಮೈಭಾರವನ್ನು ಇನ್ನೂ ಹಿಂಗಾಲಿನ ಮೇಲೇ ಉಳಿಸಿಕೊಳ್ಳಬೇಕು. ಆ ಹಿಂಗಾಲಿನ ಮಂಡಿ ನೆಟ್ಟಗಿರಬೇಕು. ಆಗ ಭಾರವನ್ನು ಹೆಚ್ಚಾಗಿ ಮೂಳೆ ಹೊರುತ್ತದೆ, ತೊಡೆಯ ಸ್ನಾಯುವಿಗೆ ಬಿಡುವು ಸಿಗುತ್ತದೆ. ಮುಂದಿಟ್ಟ ಕಾಲು ಆ ಕ್ಷಣ ಸಡಿಲ. ಒಂದು ಉಸಿರು ಬಿಟ್ಟು ಭಾರವನ್ನು ಮುಂದಕ್ಕೆ ದಾಟಿಸಬೇಕು. ನೋಡುವವರಿಗೆ ಇದು ತೀರಾ ನಿಧಾನ ಎನಿಸಿದರೂ, ಹೀಗೆ ನಡೆಯುವವರು ಗಂಟೆಗಟ್ಟಲೆ ನಿಲ್ಲದೆ ಏರಬಲ್ಲರು.

ಗುಂಪಿನಲ್ಲಿ ಕಣ್ಣಿಗೆ ಬೀಳದೆ ನಡೆಯುವ ಅನ್ಯಾಯವೊಂದಿದೆ. ಮುಂದಿನವರು ಬಂಡೆಯ ಮೇಲೆ ಕೂತು, ನೀರು ಕುಡಿದು, ಫೋಟೋ ತೆಗೆದು ಹತ್ತು ನಿಮಿಷ ದಣಿವಾರಿಸಿಕೊಂಡಿರುತ್ತಾರೆ. ಕೊನೆಯವರು ಮುಖ ಕೆಂಪಾಗಿ ಬಂದು ತಲುಪಿದ ಕೂಡಲೇ ‘ಎಲ್ಲರೂ ಬಂದ್ರಲ್ಲ, ಹೊರಡೋಣ’ ಎಂದು ಎದ್ದುಬಿಡುತ್ತಾರೆ. ವಿಶ್ರಾಂತಿ ಅತಿ ಹೆಚ್ಚು ಬೇಕಾದವರಿಗೇ ಅದು ಸಿಗುವುದಿಲ್ಲ. ಪ್ರತಿ ನಿಲುಗಡೆಯಲ್ಲೂ ಅವರ ದಣಿವು ಬೆಳೆಯುತ್ತದೆ, ನಾಚಿಕೆಯಿಂದ ಬಾಯಿ ಬಿಡುವುದೂ ಇಲ್ಲ. ಆದ್ದರಿಂದ ನಿಲುಗಡೆಯ ಲೆಕ್ಕ ಶುರುವಾಗಬೇಕಾದದ್ದು ಕೊನೆಯವರು ಚೀಲ ಇಳಿಸಿದ ಮೇಲೆ. ನಿಧಾನ ನಡೆಯುವವರನ್ನು ಮುಂದಾಳುವಿನ ಬೆನ್ನಿಗೇ ನಡೆಸುವುದು, ಅವರ ಹೊರೆಯನ್ನು ಗಟ್ಟಿಗರಿಗೆ ಹಂಚುವುದು, ದಾರಿ ಬಲ್ಲ ಒಬ್ಬರು ಎಲ್ಲರಿಗಿಂತ ಹಿಂದೆ ಇರುವುದು, ದಾರಿ ಕವಲೊಡೆದಲ್ಲಿ ಎಲ್ಲರೂ ಸೇರುವ ತನಕ ಕಾಯುವುದು ಒಳ್ಳೆಯ ತಂಡದ ರೂಢಿಗಳು.

ಹೊರಟ 15–20 ನಿಮಿಷಕ್ಕೆ ಒಂದು ಚಿಕ್ಕ ನಿಲುಗಡೆ ಬೇಕು. ಶೂ ದಾರ ಬಿಗಿಮಾಡಲು, ಸ್ವೆಟರ್ ಕಳಚಲು ಅದೇ ಸಮಯ. ಮುಂದೆ ಗಂಟೆಗೊಮ್ಮೆ 5ರಿಂದ 10 ನಿಮಿಷ ಸಾಕು. ಅದಕ್ಕಿಂತ ಉದ್ದವಾದರೆ ಬೆವರು ಆರಿ ಮೈ ತಣ್ಣಗಾಗಿ, ಮೀನಖಂಡಗಳು ಬಿಗಿಯುತ್ತವೆ. ಗುಟುಕು ಗುಟುಕಾಗಿ ನೀರು, ಜೊತೆಗೆ ಬೆಲ್ಲ, ಕಡಲೆಕಾಯಿ ಚಿಕ್ಕಿ ಅಥವಾ ಖರ್ಜೂರ ಒಳ್ಳೆಯದು. ಮಳೆಗಾಲದ ಪಶ್ಚಿಮಘಟ್ಟದಲ್ಲಿ ತರಗೆಲೆಗಳ ಮೇಲೆ ಕೂತರೆ ಇಂಬಳ ಹತ್ತುತ್ತವೆ, ಬರಿಬಂಡೆ ಹುಡುಕಬೇಕು.

ಎತ್ತರದ ಪರ್ವತಗಳಲ್ಲಿ ನಿಧಾನವೇ ರಕ್ಷಣೆ. 5,895 ಮೀಟರ್ ಎತ್ತರದ ಕಿಲಿಮಂಜಾರೋದ ಮಾರ್ಗದರ್ಶಿಗಳು ಸ್ವಾಹಿಲಿಯಲ್ಲಿ ‘ಪೋಲೆ ಪೋಲೆ’, ಅಂದರೆ ನಿಧಾನ ನಿಧಾನ, ಎಂದು ಹೇಳುತ್ತಲೇ ಇರುತ್ತಾರೆ. 3,000 ಮೀಟರಿನ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಉಳಿಯಬೇಕು ಎಂಬುದು ಸಾಮಾನ್ಯ ವೈದ್ಯಕೀಯ ಸಲಹೆ. ತಲೆನೋವು, ವಾಂತಿ ಕಾಣಿಸಿದವರು ಮೇಲೇರದೆ ಅಲ್ಲೇ ತಂಗಬೇಕು. ನಡಿಗೆ ತೂರಾಡಿದರೆ ಅಥವಾ ಸುಮ್ಮನೆ ಕೂತಾಗಲೂ ಏದುಸಿರು ನಿಲ್ಲದಿದ್ದರೆ, ರಾತ್ರಿಯಾದರೂ ಕಾಯದೆ ಜೊತೆಗಾರರೊಂದಿಗೆ ಕೆಳಗಿಳಿಸಬೇಕು.