ಲ್ಯಾಟಿನ್ ಪಾರ್ಟಿಸಿಪಲ್ ಮತ್ತು ನಮ್ಮ ‘ಓದಿದ’: ಒಂದು ಹೆಸರಿನ ಚರಿತ್ರೆ

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ‘ನಾನು ಓದಿದ ಪುಸ್ತಕ’, ‘ಪುಸ್ತಕ ಓದಿದ ಹುಡುಗಿ’: ಎರಡರಲ್ಲೂ ‘ಓದಿದ’ ಒಂದೇ ರೂಪ. ಓದಿಸಿಕೊಂಡದ್ದು ಪುಸ್ತಕ, ಓದಿದವಳು ಹುಡುಗಿ; ಕನ್ನಡ ಈ ಭೇದವನ್ನು ಪದದ ಮೇಲೆ ಗುರುತು ಮಾಡುವುದಿಲ್ಲ.

ಲ್ಯಾಟಿನ್ ಹಾಗಲ್ಲ. ‘ಲೆಕ್ಟುಸ್’ ಅಂದ್ರೆ ‘ಓದಲ್ಪಟ್ಟ’ ಮಾತ್ರ. ಪುಸ್ತಕಕ್ಕೆ ಅದು ‘ಲೆಕ್ಟುಸ್’, ಸ್ತ್ರೀಲಿಂಗದ ‘ಎಪಿಸ್ತುಲ’ಕ್ಕೆ, ಅಂದರೆ ಪತ್ರಕ್ಕೆ, ‘ಲೆಕ್ಟ’. ಲಿಂಗ, ವಚನ, ವಿಭಕ್ತಿ ಮೂರರಲ್ಲೂ ನಾಮಪದಕ್ಕೆ ಹೊಂದಿಕೊಳ್ಳಬೇಕು. ‘ಓದಿದ ಹುಡುಗಿ’ ಎನ್ನಲು ಸಾಮಾನ್ಯವಾಗಿ ‘ಯಾರು ಓದಿದಳೋ ಅವಳು’ ಎಂಬಂಥ ಉಪವಾಕ್ಯ ಬೇಕು. ‘ಲೊಕೂತುಸ್’, ಅಂದರೆ ‘ಮಾತಾಡಿದ’, ಇಂಥ ಕೆಲವು ಧಾತುಗಳು ಮಾತ್ರ ಇದಕ್ಕೆ ಹೊರತು.

ಈಗ ಚರಿತ್ರೆಗೆ ಬರೋಣ. 1861ರಲ್ಲಿ ಬೆಂಗಳೂರಿನಲ್ಲೇ ಲ್ಯಾಟಿನ್-ಕನ್ನಡ ನಿಘಂಟು ಅಚ್ಚಾಯಿತು. 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ಲರ ಇಂಗ್ಲಿಷ್ ವ್ಯಾಕರಣದಲ್ಲಿ ‘ಓದಿದ’ದಂಥ ರೂಪಕ್ಕೆ ‘ರಿಲೇಟಿವ್ ಪಾರ್ಟಿಸಿಪಲ್’ ಎಂಬ ಹೆಸರಿದೆ. ‘ರಿಲೇಟಿವ್’ ಯಾಕೆ? ಯುರೋಪಿನ ಭಾಷೆಗಳಿಗೆ ಅನುವಾದಿಸುವಾಗ ‘ಯಾರು, ಯಾವುದು’ ಎಂಬ ಸಂಬಂಧಸೂಚಕ ಬರುತ್ತದೆ, ಅದಕ್ಕೆ. ಅಂದ್ರೆ ಹೆಸರು ಹುಟ್ಟಿದ್ದು ಅನುವಾದದ ಅಗತ್ಯದಿಂದ.

ತುಮ್ಮನಟ್ಟಿಯಂಥ ಬಡಗರ ಊರಿನಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಮನೆಯ ಮಾತು ಬಡಗ, ಶಾಲೆಯಲ್ಲಿ ತಮಿಳು, ಇಂಗ್ಲಿಷ್. ತಮಿಳು ವ್ಯಾಕರಣ ಇದೇ ರೂಪವನ್ನು ‘ಪೆಯರೆಚ್ಚಂ’ ಎನ್ನುತ್ತದೆ. ‘ಎಚ್ಚಂ’ ಎಂದರೆ ಉಳಿಕೆ. ಮುಗಿಯದೆ ಮುಂದಿನ ನಾಮಪದಕ್ಕಾಗಿ ಕಾದಿರುವ ಕ್ರಿಯಾಪದ ಅದು. ಸಂಸ್ಕೃತದ ದಾರಿ ಹಿಡಿದ ನಮ್ಮ ಶಾಲಾ ವ್ಯಾಕರಣಕ್ಕೆ ಅದು ‘ಕೃದಂತ’, ಕೃತ್ ಪ್ರತ್ಯಯ ಕೊನೆಯಲ್ಲಿರುವುದು. ಲ್ಯಾಟಿನ್ನಿನ ‘ಪಾರ್ತಿಕಿಪಿಯುಂ’ ಎಂದರೆ ಪಾಲು ಪಡೆದದ್ದು: ನಾಮದಲ್ಲೂ ಪಾಲು, ಕ್ರಿಯೆಯಲ್ಲೂ ಪಾಲು. ಒಂದು ಹೆಸರು ಕಾಯುವಿಕೆಯನ್ನು ನೋಡಿತು, ಒಂದು ಪ್ರತ್ಯಯವನ್ನು, ಒಂದು ಹಂಚಿಕೆಯನ್ನು.

ಸಂಸ್ಕೃತ ಮಾತ್ರ ಲ್ಯಾಟಿನ್ನಿಗೆ ನಿಜವಾದ ನೆಂಟ. ‘ದತ್ತ’, ‘ದತುಂ’ ಎರಡೂ ಒಂದೇ ಮೂಲದವು, ಅರ್ಥ ‘ಕೊಡಲ್ಪಟ್ಟದ್ದು’. ‘ಡೇಟಾ’ಕ್ಕೆ ನಾವು ‘ದತ್ತಾಂಶ’ ಅಂದಾಗ ನೆಂಟರನ್ನೇ ಕೂಡಿಸಿದ್ದೇವೆ.

ಆದರೆ ‘ಓದಿದ’ ಆ ಮನೆತನದ್ದಲ್ಲ. ಲಿಂಗ ವಚನ ಹೊಂದಿಕೊಳ್ಳಲಿಲ್ಲ ಎಂದು ಅದನ್ನು ಕೊರತೆಯ ರೂಪವೆಂದು ಎಣಿಸುವುದು ಲ್ಯಾಟಿನ್ ಅಳತೆಗೋಲಿನ ದೋಷ, ಭಾಷೆಯದ್ದಲ್ಲ. ಬಡಗ ಮಾತಿನ ವ್ಯಾಕರಣ ಬರೆಯಲು ಕೂತವರು ಮೊದಲು ಹೆಸರನ್ನು ಬದಿಗಿಟ್ಟು, ಆ ರೂಪ ಏನು ಕೆಲಸ ಮಾಡುತ್ತಿದೆ ಅಂತ ಕೇಳಬೇಕು. ಹೆಸರು ಆಮೇಲೆ. ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆಗಳಿದ್ದರೆ ಕೇಳಿ.