23 ವರ್ಷದ ಮುನಿಸು, ಒಂದು ಬೇಸಿಗೆ ಕಛೇರಿ

ಇವತ್ತು ಒಂದು ಮುನಿಸಿನ ಕಥೆ ಹೇಳ್ತೀನಿ. ಅಮೆರಿಕದ ಬ್ಲೂಗ್ರಾಸ್ ಸಂಗೀತದ ಕಥೆ ಅಂತಲೂ ಅನ್ನಬಹುದು. ಆದರೆ ನನಗೆ ಅದರಲ್ಲಿ ಮೊದಲು ಕಾಣಿಸೋದು ಮುನಿಸೇ.

ಈಗ ಅಮೆರಿಕದಲ್ಲಿ ಬೇಸಿಗೆ ಬಂತು ಅಂದರೆ ಊರೂರಿನ ಬಯಲುಗಳಲ್ಲಿ ಬ್ಲೂಗ್ರಾಸ್ ಕಛೇರಿಗಳು. ಎಪ್ಪತ್ತು ದಾಟಿದ ಹಿರಿಯರ ಪಕ್ಕದಲ್ಲೇ ಹದಿನಾಲ್ಕರ ಹುಡುಗಿ ನಿಂತು ಪಿಟೀಲು ನುಡಿಸ್ತಾಳೆ. ನೋಡಿದವರಿಗೆ ಇದು ತಲೆತಲಾಂತರದಿಂದ ಹೀಗೇ ನಡೆದುಕೊಂಡು ಬಂದಿರಬೇಕು ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲ. ಈ ಪದ್ಧತಿಗೆ ಸುಮಾರು ಅರುವತ್ತು ವರ್ಷ ಅಷ್ಟೆ. ಅದಕ್ಕೂ ಮೊದಲು ಈ ಸಂಗೀತದ ಹಿರಿಯ ತನ್ನ ಶಿಷ್ಯರೊಂದಿಗೆ ಮಾತೇ ಬಿಟ್ಟಿದ್ದರು.

ಆ ಹಿರಿಯ ಬಿಲ್ ಮನ್ರೋ. 1911ರಲ್ಲಿ ಕೆಂಟಕಿಯ ರೋಸೀನ್ ಎಂಬ ಊರಿನಲ್ಲಿ ಹುಟ್ಟಿದವರು. ಎಂಟು ಮಕ್ಕಳಲ್ಲಿ ಕೊನೆಯವರು, ದೃಷ್ಟಿ ಸರಿ ಇರಲಿಲ್ಲ. ಮನೆಯಲ್ಲಿ ಪಿಟೀಲು, ಗಿಟಾರ್ ಅಣ್ಣಂದಿರ ಪಾಲಾಗಿ, ಇವರಿಗೆ ಉಳಿದದ್ದು ಮ್ಯಾಂಡೊಲಿನ್. ಅದರ ಎಂಟು ತಂತಿಯಲ್ಲಿ ನಾಲ್ಕನ್ನು ತೆಗೆದು ನುಡಿಸು, ಸದ್ದು ಜಾಸ್ತಿ ಆಗಬಾರದು ಅಂತ ಹೇಳಿದ್ದರಂತೆ. ಹತ್ತನೇ ವಯಸ್ಸಿಗೆ ತಾಯಿ ಹೋದರು. ಹದಿನಾರಕ್ಕೆ ತಂದೆಯೂ ಹೋದರು. ಆಮೇಲೆ ಆಸರೆ ಕೊಟ್ಟವರು ಸೋದರಮಾವ ಪೆಂಡಲ್ಟನ್ ವ್ಯಾಂಡಿವರ್, ಎಲ್ಲರ ಬಾಯಲ್ಲಿ ‘ಅಂಕಲ್ ಪೆನ್’. ಊರಿನ ಕುಣಿತಗಳಿಗೆ ಪಿಟೀಲು ನುಡಿಸುತ್ತಿದ್ದ ಮಾವನ ಜೊತೆ ಅಳಿಯನೂ ಹೋಗುತ್ತಿದ್ದ. ಆರ್ನಾಲ್ಡ್ ಶುಲ್ಟ್ಸ್ ಎಂಬ ಕಪ್ಪುಜನಾಂಗದ ಗಿಟಾರ್ ವಾದಕರಿಂದಲೂ ಮನ್ರೋ ಕಲಿತರು. ಈ ಹೆಸರನ್ನು ಬ್ಲೂಗ್ರಾಸ್ ಬಗ್ಗೆ ಮಾತಾಡುವವರು ಬಹಳ ಸಲ ಮರೆತುಬಿಡುತ್ತಾರೆ. ಬ್ಯಾಂಜೊ ವಾದ್ಯದ ಮೂಲವೇ ಆಫ್ರಿಕಾ ಅನ್ನೋದನ್ನೂ ಮರೆಯುತ್ತಾರೆ. (ನಮ್ಮಲ್ಲಿ ಕೆಲವರು ಬುಲ್‌ಬುಲ್ ತರಂಗಕ್ಕೂ ಬ್ಯಾಂಜೊ ಅನ್ನುತ್ತಾರೆ. ಇದು ಅದಲ್ಲ.)

1945ರ ಕೊನೆಗೆ ಮನ್ರೋ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಬಂದರು. ವಯಸ್ಸು 21. ಮೂರು ಬೆರಳಲ್ಲಿ ಬ್ಯಾಂಜೊವನ್ನು ಮಳೆ ಸುರಿದ ಹಾಗೆ ನುಡಿಸುವ ಹುಡುಗ. ಗಿಟಾರ್ ಮತ್ತು ಹಾಡಿಗೆ ಲೆಸ್ಟರ್ ಫ್ಲ್ಯಾಟ್ ಆಗಲೇ ಇದ್ದರು. ಮ್ಯಾಂಡೊಲಿನ್, ಪಿಟೀಲು, ಬ್ಯಾಂಜೊ, ಗಿಟಾರ್, ದೊಡ್ಡ ಬೇಸ್. ಡ್ರಮ್ ಇಲ್ಲ. ಒಬ್ಬೊಬ್ಬರಾಗಿ ಮೈಕ್ ಮುಂದೆ ಬಂದು ತಮ್ಮ ಸರದಿ ನುಡಿಸಿ ಹಿಂದೆ ಸರಿಯೋದು. ಇವತ್ತು ಬ್ಲೂಗ್ರಾಸ್ ಅಂತ ಕೇಳೋದು ಬಹುಪಾಲು ಆ ಎರಡು ವರ್ಷದಲ್ಲಿ ರೂಪುಗೊಂಡ ನಾದವನ್ನೇ.

1948ರಲ್ಲಿ ಫ್ಲ್ಯಾಟ್, ಸ್ಕ್ರಗ್ಸ್ ಇಬ್ಬರೂ ತಂಡ ಬಿಟ್ಟು ತಮ್ಮದೇ ತಂಡ ಕಟ್ಟಿದರು. ಮನ್ರೋ ಅದನ್ನು ದ್ರೋಹ ಅಂತಲೇ ತಿಳಿದರು. ಅದೇ ಹೊತ್ತಿಗೆ ವರ್ಜೀನಿಯಾದ ಸ್ಟ್ಯಾನ್ಲಿ ಸಹೋದರರು, ಕಾರ್ಟರ್ ಮತ್ತು ರಾಲ್ಫ್, ಇವರದೇ ಧಾಟಿಯಲ್ಲಿ ಹಾಡತೊಡಗಿದ್ದರು. ಆ ಸಹೋದರರನ್ನು ತನ್ನ ರೆಕಾರ್ಡ್ ಕಂಪನಿಯೇ ಸೇರಿಸಿಕೊಂಡಾಗ ಮನ್ರೋ ಕಂಪನಿಯನ್ನೇ ಬಿಟ್ಟು ಹೋದರು. ಅವರ ಲೆಕ್ಕ ಸರಳ: ಇದು ನನ್ನ ಸಂಗೀತ, ಮಿಕ್ಕವರದ್ದು ನಕಲು.

ಆದರೆ ನಕಲು ಮಾಡುವವರೂ ಇಲ್ಲದೆ ಹೋಗುವ ಕಾಲ ಬಂತು. 1954ರಲ್ಲಿ ಎಲ್ವಿಸ್ ಪ್ರೀಸ್ಲಿ ತಮ್ಮ ಮೊದಲ ರೆಕಾರ್ಡಿನ ಒಂದು ಬದಿಗೆ ಮನ್ರೋ ಹಾಡನ್ನೇ ಹಾಡಿದರು, ರಾಕ್ ಅಂಡ್ ರೋಲ್ ಅಲೆ ಎದ್ದಿತು. ಆ ದಶಕದ ಕೊನೆಗೆ ಬ್ಲೂಗ್ರಾಸ್ ತಂಡಗಳಿಗೆ ಹೊಟ್ಟೆಪಾಡೇ ಕಷ್ಟವಾಯಿತು.

ಕೈ ಹಿಡಿದವರು ಯಾರು ಅಂತೀರಿ? ಉತ್ತರದ ಪಟ್ಟಣಗಳ ಹುಡುಗರು. ಜಾನಪದ ಸಂಗೀತದ ಹುಚ್ಚು ಹಿಡಿದ ಕಾಲೇಜು ಹುಡುಗರು. 1963ರಲ್ಲಿ ಬಾಸ್ಟನ್ ಕಡೆಯ ಬಿಲ್ ಕೀತ್ ಬ್ಯಾಂಜೊ ಹಿಡಿದು ಮನ್ರೋ ತಂಡ ಸೇರಿದರು. ತಂಡದಲ್ಲಿ ‘ಬಿಲ್’ ಒಬ್ಬನೇ ಇರಬೇಕು ಅಂತ ಮನ್ರೋ ಅವರನ್ನು ‘ಬ್ರಾಡ್’ ಅಂತ ಕರೆದರು! ಹಮ್ಮು ಹಾಗೇ ಇತ್ತು. ಆದರೂ ದಕ್ಷಿಣದವನಲ್ಲದವನು ಇದನ್ನು ನುಡಿಸಬಲ್ಲ ಅಂತ ಒಪ್ಪಿಕೊಂಡಿದ್ದರಲ್ಲ, ಅದು ಸಣ್ಣ ಮಾತಲ್ಲ.

ಇನ್ನು 1965ರ ಬೇಸಿಗೆಯ ಕೊನೆ. ಸೆಪ್ಟೆಂಬರಿನ ಕಾರ್ಮಿಕ ದಿನದ ರಜೆ. ವರ್ಜೀನಿಯಾದ ಫಿನ್‌ಕಾಸಲ್ ಹತ್ತಿರ ಒಂದು ಕುದುರೆ ಫಾರ್ಮಿನಲ್ಲಿ ಕಾರ್ಲ್ಟನ್ ಹೇನಿ ಎಂಬ ಸಂಘಟಕ ಮೂರು ದಿನದ ಬ್ಲೂಗ್ರಾಸ್ ಉತ್ಸವ ಏರ್ಪಡಿಸಿದರು. ಇಷ್ಟು ದಿನಗಳ, ಬರೀ ಬ್ಲೂಗ್ರಾಸಿನ ಉತ್ಸವ ಅದೇ ಮೊದಲು. ಹೇನಿಯ ಉಪಾಯ ಏನಪ್ಪ ಅಂದರೆ, ಮನ್ರೋ ಅವರನ್ನು ವೇದಿಕೆ ಮೇಲೆ ನಿಲ್ಲಿಸಿ, ಅವರ ತಂಡ ಬಿಟ್ಟು ಹೋದವರನ್ನೆಲ್ಲ ಒಬ್ಬೊಬ್ಬರಾಗಿ ಮತ್ತೆ ಅವರ ಪಕ್ಕಕ್ಕೆ ಕರೆಯುವುದು. ಕ್ಲೈಡ್ ಮೂಡಿ, ಮ್ಯಾಕ್ ವೈಸ್‌ಮನ್, ಡಾನ್ ರೆನೊ, ಜಿಮ್ಮಿ ಮಾರ್ಟಿನ್ ಬಂದರು. ಮನ್ರೋ ಒಂದು ಕಾಲಕ್ಕೆ ಹಲ್ಲು ಕಡಿಯುತ್ತಿದ್ದ ಕಾರ್ಟರ್ ಸ್ಟ್ಯಾನ್ಲಿಯೂ ಬಂದರು. ಅವರೂ 1951ರಲ್ಲಿ ಸ್ವಲ್ಪ ಕಾಲ ಮನ್ರೋ ತಂಡದಲ್ಲಿದ್ದವರೇ. ಆಗಿನ ತಂಡದ ಗಿಟಾರ್ ಹಿಡಿದಿದ್ದವರು ಮ್ಯಾಸಚೂಸೆಟ್ಸಿನ 23ರ ಹುಡುಗ ಪೀಟರ್ ರೋವನ್.

ನನ್ನ ಪ್ರಕಾರ ಅವತ್ತು ಲೆಕ್ಕ ಬದಲಾಯಿತು. ಬಿಟ್ಟು ಹೋದವರ ಪಟ್ಟಿ ಅಲ್ಲಿ ವಂಶಾವಳಿ ಆಯಿತು. ಕಳ್ಳರು ಅಂದುಕೊಂಡವರು ಮಕ್ಕಳಾಗಿ ಕಂಡರು. ಮನ್ರೋ ಮನಸ್ಸಿನಲ್ಲಿ ಏನಿತ್ತೋ, ಆದರೆ ಎರಡೇ ವರ್ಷಕ್ಕೆ, 1967ರ ಜೂನಿನಲ್ಲಿ, ಇಂಡಿಯಾನಾದ ಬೀನ್ ಬ್ಲಾಸಮ್‌ನ ತಮ್ಮದೇ ಜಾಗದಲ್ಲಿ ಅವರೂ ಉತ್ಸವ ಶುರು ಮಾಡಿದರು. ಜನ ಡೇರೆ ಹಾಕಿಕೊಂಡು ಉಳಿಯುತ್ತಿದ್ದರು. ಕಾರು ನಿಲ್ಲಿಸಿದ ಬಯಲಲ್ಲೇ ರೈತರೂ ಉದ್ದ ಕೂದಲಿನ ಹುಡುಗರೂ ಸುತ್ತುಗಟ್ಟಿ ನುಡಿಸುತ್ತಿದ್ದರು. ವಿಯೆಟ್ನಾಂ ಯುದ್ಧದ ವರ್ಷಗಳು ಅವು. ಈ ಎರಡು ಗುಂಪುಗಳು ಬೇರೆ ಕಡೆ ಎದುರಾದರೆ ಜಗಳವೇ.

ಫಿನ್‌ಕಾಸಲ್‌ಗೆ ಬಾರದೆ ಉಳಿದವರು ಫ್ಲ್ಯಾಟ್ ಮತ್ತು ಸ್ಕ್ರಗ್ಸ್. 1969ರಲ್ಲಿ ಅವರಿಬ್ಬರೂ ಬೇರೆಯಾದರು. ಸ್ಕ್ರಗ್ಸ್‌ಗೆ ಮಕ್ಕಳ ಜೊತೆ ಹೊಸ ಹಾಡು ನುಡಿಸುವ ಆಸೆ, ಫ್ಲ್ಯಾಟ್‌ಗೆ ಹಳೆಯದೇ ಸಾಕು. 1971ರ ಜೂನಿನಲ್ಲಿ ಲೆಸ್ಟರ್ ಫ್ಲ್ಯಾಟ್ ಬೀನ್ ಬ್ಲಾಸಮ್‌ಗೆ ಬಂದರು. ಸೇರಿದ ಜನರೆದುರು ಇಬ್ಬರೂ ಕೈ ಕುಲುಕಿದರು, ಒಂದೇ ಮೈಕ್ ಮುಂದೆ ನಿಂತು ಹಾಡಿದರು. 23 ವರ್ಷ ಆಗಿತ್ತು. ಮರುವರ್ಷ ಫ್ಲ್ಯಾಟ್ ತಮ್ಮ ತಂಡಕ್ಕೆ ಸೇರಿಸಿಕೊಂಡದ್ದು ಮಾರ್ಟಿ ಸ್ಟುವರ್ಟ್ ಎಂಬ 13ರ ಹುಡುಗನನ್ನು.

ಕಾರ್ಟರ್ ಸ್ಟ್ಯಾನ್ಲಿ ಆ ದಿನ ನೋಡಲಿಲ್ಲ. 1966ರ ಡಿಸೆಂಬರಿನಲ್ಲಿ, 41ನೇ ವಯಸ್ಸಿಗೇ ತೀರಿಕೊಂಡಿದ್ದರು. ತಮ್ಮ ರಾಲ್ಫ್ ಒಂಟಿಯಾದರು. 1970ರ ಸುಮಾರಿಗೆ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಾರ್ಯಕ್ರಮಕ್ಕೆ, ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ, ತಡವಾಗಿ ಬಂದರು. ಬಾಗಿಲಲ್ಲಿ ಕಾಲಿಡುವಾಗ ಒಳಗೆ ಸ್ಟ್ಯಾನ್ಲಿ ಸಹೋದರರ ಹಾಡು ಕೇಳಿಸಿತು, ಥೇಟ್ ಅದೇ ದನಿ. ನೋಡಿದರೆ ವೇದಿಕೆ ಮೇಲೆ ಇಬ್ಬರು ಹದಿಹರೆಯದ ಹುಡುಗರು, ಕೀತ್ ವಿಟ್ಲಿ ಮತ್ತು ರಿಕ್ಕಿ ಸ್ಕ್ಯಾಗ್ಸ್. ಸತ್ತ ಅಣ್ಣನ ದನಿ ಬೇರೆಯವರ ಗಂಟಲಲ್ಲಿ ಕೇಳೋದು ಹೇಗಿರುತ್ತದೋ! ರಾಲ್ಫ್ ಇಬ್ಬರನ್ನೂ ತಂಡಕ್ಕೆ ಸೇರಿಸಿಕೊಂಡರು.

ಈ ರಿಕ್ಕಿಗೆ ಮನ್ರೋ ಹೊಸಬರಲ್ಲ. ಆರು ವರ್ಷದವನಿದ್ದಾಗ ಕೆಂಟಕಿಯ ಅವನ ಊರಿಗೆ ಮನ್ರೋ ಬಂದಿದ್ದರು. ‘ನಮ್ಮ ರಿಕ್ಕಿ ಹಾಡಲಿ’ ಅಂತ ಜನ ಕೂಗಿ ಕೂಗಿ ಬಿಡಲಿಲ್ಲ. ಮನ್ರೋ ಹುಡುಗನನ್ನು ಮೇಲೆ ಕರೆದು, ತಮ್ಮ ಗಿಬ್ಸನ್ ಮ್ಯಾಂಡೊಲಿನ್ನನ್ನೇ ಅವನ ಕೊರಳಿಗೆ ಹಾಕಿ, ಪಟ್ಟಿ ಗಿಡ್ಡ ಮಾಡಿ ನುಡಿಸಲು ಬಿಟ್ಟರು. ಇದು 1960ರ ಮಾತು. ಅಂದರೆ ಫ್ಲ್ಯಾಟ್ ಜೊತೆ ಮಾತು ಬಿಟ್ಟಿದ್ದ ಕಾಲದಲ್ಲೇ. ದೊಡ್ಡವರ ಮೇಲೆ ಅಷ್ಟು ಸಿಟ್ಟಿದ್ದ ಮನುಷ್ಯ ಮಗುವಿಗೆ ಎರಡು ಮಾತಿಲ್ಲದೆ ವಾದ್ಯ ಕೊಟ್ಟರು.

ಮನ್ರೋ ತಮ್ಮ ಸೋದರಮಾವನ ಮೇಲೆ ಕಟ್ಟಿದ ‘ಅಂಕಲ್ ಪೆನ್’ ಹಾಡನ್ನು ಸ್ಕ್ಯಾಗ್ಸ್ ಹಾಡಿದರು. 1984ರಲ್ಲಿ ಅದು ಅಮೆರಿಕದ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಅದಾದ ಸ್ವಲ್ಪ ದಿನಕ್ಕೆ ಸ್ಕ್ಯಾಗ್ಸ್ ಅವರ ಇನ್ನೊಂದು ಹಾಡಿನ ವಿಡಿಯೊ ನ್ಯೂಯಾರ್ಕ್ ನಗರದಲ್ಲಿ ಚಿತ್ರೀಕರಣವಾಯಿತು. ಅದರಲ್ಲಿ ಅಂಕಲ್ ಪೆನ್ ಪಾತ್ರ ಸ್ವತಃ ಮನ್ರೋ ಅವರದ್ದೇ. ಹುಡುಕಿ ನೋಡಿ, ಸಿಗುತ್ತದೆ. ಎಪ್ಪತ್ತು ದಾಟಿದ ಮನುಷ್ಯ, ನೆಟ್ಟಗೆ ನಿಂತು, ಮುಖದಲ್ಲಿ ಸಣ್ಣ ನಗು ಇಟ್ಟುಕೊಂಡು ಕುಣೀತಾರೆ.