ಮನಸ್ಸನ್ನು ಅಳೆಯುವ ಮುನ್ನ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಲ್ಲಿ ಓದಿದವರು ಒಮ್ಮೆಯಾದರೂ ಯಾರದೋ ಸಂಶೋಧನೆಯ ಪ್ರಶ್ನಾವಳಿ ತುಂಬಿರುತ್ತೀರಿ. ಬಿ.ಇಡಿ. ಪ್ರಾಯೋಗಿಕ ಕೆಲಸಕ್ಕಾಗಿ ನಾನೂ ಮಕ್ಕಳಿಂದ ತುಂಬಿಸಿದ್ದೆ. ತಂದೆಯ ಬಗೆಗಿನ ಪ್ರಶ್ನೆ ಬಂದಾಗ ಒಬ್ಬ ಹುಡುಗಿ, "ಬರೀಲೇಬೇಕಾ ಸರ್?" ಎಂದಳು. "ಹೂಂ, ಬರಿ" ಎಂದೆ. ಅವಳನ್ನು ಕೇಳಬೇಕೆಂಬುದು ನನಗೆ ಹೊಳೆದಿರಲಿಲ್ಲ.

ನಮ್ಮ ಜಿಲ್ಲೆಗೆ ಮನಃಶಾಸ್ತ್ರ ಹೊಸದಲ್ಲ. 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಡಾ. ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. (1935ರಲ್ಲಿ ಮೈಸೂರಿಗೆ ರೇಡಿಯೋ ತಂದವರೂ ಇವರೇ.) ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ ವಿ.ವಿ. ಕಾಮತ್ ಅವರ ಗ್ರಂಥ 1940ರಲ್ಲಿ ಬಂತು. ಅಳೆಯುವುದನ್ನು ನಾವು ಬೇಗ ಕಲಿತೆವು. ಕೇಳುವುದನ್ನು ಜಗತ್ತೇ ತಡವಾಗಿ ಕಲಿಯಿತು. 1920ರಲ್ಲಿ ಅಮೆರಿಕದ ವಾಟ್ಸನ್, ಸುಮಾರು 11 ತಿಂಗಳ ಮಗುವಿಗೆ ಬಿಳಿ ಇಲಿ ತೋರಿಸುತ್ತಾ ಹಿಂದಿನಿಂದ ಕಬ್ಬಿಣದ ಸರಳು ಬಡಿದು ಹೆದರಿಕೆ ಕಲಿಸಿದರು. ಅದನ್ನು ಬಿಡಿಸದೆಯೇ ಮಗುವನ್ನು ಕಳುಹಿಸಿದರು. ಈ ಪ್ರಯೋಗವನ್ನು ನಾವು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೇವೆ!

ನಾಜಿ ವೈದ್ಯರ ವಿಚಾರಣೆಯ ನಂತರ, 1947ರ ನ್ಯೂರೆಂಬರ್ಗ್ ಸಂಹಿತೆ ಸ್ವಇಚ್ಛೆಯ ಒಪ್ಪಿಗೆಯನ್ನು ಮೊದಲ ನಿಯಮವಾಗಿಸಿತು. ಉರ್ದುವಿನಲ್ಲಿ ನಾವು 'ರಜಾಮಂದಿ' ಎನ್ನುತ್ತೇವಲ್ಲ, ಅದು. ಹೆದರಿ ಹೇಳಿದ 'ಹೂಂ' ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1980ರಲ್ಲಿ ಮೊದಲ ನೀತಿ ಹೇಳಿಕೆ ಹೊರಡಿಸಿತು. 2006ರ ಮಾರ್ಗಸೂಚಿಯ ಹೆಸರಿನಲ್ಲಿ, ಪ್ರಯೋಗಕ್ಕೆ ಒಳಪಡುವವರು ಎಂಬ ಅರ್ಥದ ಹಳೆಯ ಪದ ಹೋಗಿ 'ಭಾಗವಹಿಸುವವರು' ಎಂದಾಯಿತು.

ನಮ್ಮ ರಾಜ್ಯದ ಹೆಸರೂ ಈ ಇತಿಹಾಸದಲ್ಲಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳಿಗೆ ಒಳಪಡಿಸುವಂತಿಲ್ಲ ಎಂದಿತು. ಅದು ಪೊಲೀಸ್ ತನಿಖೆಯ ಮಾತು, ನಿಜ. ಆದರೆ ಆರೋಪಿಯ ಮನಸ್ಸಿಗೇ ಬಾಗಿಲಿದ್ದರೆ ಏಳನೇ ತರಗತಿಯ ಹುಡುಗಿಯ ಮನಸ್ಸಿಗಿಲ್ಲವೇ?

2017ರ ಮಾರ್ಗಸೂಚಿ ಆರೋಗ್ಯ ಸಂಶೋಧನೆಯದು. ಶಾಲೆಯ ಎಲ್ಲ ಪ್ರಶ್ನಾವಳಿಗೂ ನೇರವಾಗಿ ಅನ್ವಯಿಸದಿದ್ದರೂ ದಾರಿ ತೋರಿಸುತ್ತದೆ. ಪೋಷಕರ ಒಪ್ಪಿಗೆಯ ಜೊತೆಗೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ ಬೇಕು. 12 ದಾಟಿದರೆ ಬರವಣಿಗೆಯಲ್ಲಿ. ಆದಿವಾಸಿಗಳ ನಡುವೆ ಸಂಶೋಧನೆ ಮಾಡುವವರು ಸಮುದಾಯದ ಹಿರಿಯರನ್ನೂ ಅವರ ನುಡಿ ಬಲ್ಲವರನ್ನೂ ಜೊತೆಗಿಟ್ಟುಕೊಳ್ಳಬೇಕು. ಕೋಟೆಯ ಹಾಡಿಗಳಿಗೆ ಹೋಗುವವರು ಇದನ್ನು ಓದಿರಲಿ.

ಈಗ ಯಾರಾದರೂ ಪ್ರಶ್ನಾವಳಿ ತಂದರೆ ನಾನು ಮೊದಲು ನೈತಿಕ ಸಮಿತಿಯ ಪತ್ರ ಕೇಳುತ್ತೇನೆ, ನಂತರ ಪೋಷಕರ ಸಹಿ. ಆಮೇಲೆ ಮಕ್ಕಳಿಗೆ ಉರ್ದುವಿನಲ್ಲೂ ಕನ್ನಡದಲ್ಲೂ ಹೇಳುತ್ತೇನೆ: "ಇಷ್ಟವಿಲ್ಲದ ಪ್ರಶ್ನೆ ಬಿಡಬಹುದು, ಅಂಕ ಕಡಿಮೆಯಾಗುವುದಿಲ್ಲ."